ಮುಳ್ಳಲ್ಲ

ಹೊರ್ತಿಯ ನಿಂಬೆ ತೋಟದಲ್ಲಿ ಬೆಳಗಿನ ಏಳರ ಹೊತ್ತಿಗೆ ಉದುರಿದ ಕಾಯಿ ಆರಿಸಲು ಗಿಡದ ಬುಡಕ್ಕೆ ಬಗ್ಗಿದ ತಿಪ್ಪವ್ವ ಒಮ್ಮೆಲೇ ಎಡಗಾಲು ಹಿಡಿದುಕೊಂಡು ಕುಳಿತುಬಿಟ್ಟಳು. ಹಿಂದೆಯೇ ಬುಟ್ಟಿ ಹಿಡಿದು ನಿಂತಿದ್ದ ಸೊಸೆ ದಾನೇಶ್ವರಿಗೆ, ಒಣಗಿದ ಎಲೆಗಳ ಅಡಿಗೆ ಸರಿದುಹೋದ ಕಂದು ಮೈ ಕಂಡಿತು. ಅದರ ಮೇಲೆ ಸಾಲಾಗಿ ಕರಿ ಬಿಲ್ಲೆಗಳು. ಪಕ್ಕದ ಸಾಲಿನಿಂದ ಓಡಿಬಂದ ಭಾವ ಸೋಮನಿಂಗನೂ ಅದನ್ನು ಕಂಡ. ಕಂಡವನೇ ತುಟಿಯ ಮೇಲೆ ಬೆರಳಿಟ್ಟು ದಾನೇಶ್ವರಿಯನ್ನು ಕಣ್ಣಲ್ಲೇ ಗದರಿಸಿದ.

"ಏನ ಚುಚ್ಚಿತೋ ಸೋಮ್ಯಾ?" ತಿಪ್ಪವ್ವ ಕೇಳಿದಳು.

"ಮುಳ್ಳವ್ವಾ. ನಿಂಬಿ ಗಿಡಕ್ಕ ಮುಳ್ಳ ಬಿಟ್ಟು ಮಲ್ಲಿಗಿ ಇರ್ತಾವೇನ? ಏಳು, ಇಂಡಿ ದವಾಖಾನಿಗೆ ಹೋಗಿ ಒಂದ ಸೂಜಿ ಮಾಡಿಸ್ಕೊಂಡ ಬರೂಣು."

ಕಚ್ಚಿಸಿಕೊಂಡವರ ಎದುರು ಅದರ ಹೆಸರು ಎತ್ತಬಾರದು. ವಿಷಕ್ಕಿಂತ ಮೊದಲು ಅಂಜಿಕೆ ಎದೆಗೇರುತ್ತದೆ ಎಂಬುದು ಆ ಸೀಮೆಯ ನಂಬಿಕೆ. ದಾನೇಶ್ವರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮುದ್ದೇಬಿಹಾಳದ ಅವಳ ಅಜ್ಜಿ ಒಬ್ಬ ಕುರುಬನ ಕತೆ ಹೇಳುತ್ತಿದ್ದಳು. ಹಾವು ಕಚ್ಚಿದಾಗ ಹೆಂಡತಿ ಜಾಲಿ ಮುಳ್ಳೆಂದಳಂತೆ, ಅವನು ಬದುಕಿದ. ಹನ್ನೆರಡು ವರ್ಷಗಳಾದ ಮೇಲೆ, ಉಣ್ಣುತ್ತಾ ಕುಳಿತಾಗ, ನಗುತ್ತಾ ನಿಜ ಹೇಳಿದಳು. ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯಿತಂತೆ, ಜೀವ ಹೋಯಿತಂತೆ.

ಮೋಟರ್ ಸೈಕಲ್ಲಿನ ಮೇಲೆ ಅತ್ತೆಯನ್ನು ನಡುವೆ ಕೂರಿಸಿಕೊಂಡು ಹೊರಟಾಗ ದಾನೇಶ್ವರಿಯ ಹಲ್ಲು ಕಟಕಟ ಎನ್ನುತ್ತಿದ್ದವು. ಒಂದು ವರ್ಷದಿಂದ ಅವಳು ಗ್ರೀಕರ, ರೋಮನ್ನರ ಹಳೆಯ ಸ್ಟೋಯಿಕ್ ಜ್ಞಾನಿಗಳ ವಿಚಾರ ಓದುತ್ತಿದ್ದಳು. ದಿನಾ ನೋಟುಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದು, ಈಚೆಗೆ ತನ್ನ ಕೈಯಲ್ಲಿರುವುದನ್ನೂ ಆಚೆಗೆ ಕೈಮೀರಿದ್ದನ್ನೂ ಬರೆಯುವಳು. ಸಿಂದಗಿಯ ಬಸ್ಸು ತಪ್ಪಿದ್ದು, ಹಿಟ್ಟಿನ ಗಿರಣಿಯಲ್ಲಿ ಕರೆಂಟು ಹೋದದ್ದು, ನಾದಿನಿಯ ಕುಟುಕು ಮಾತು ಎಲ್ಲ ಆ ಗೆರೆಯ ಆಚೆಗೆ ಹೋಗಿ ತೆಪ್ಪಗೆ ಕುಳಿತಿದ್ದವು. ತಾನು ಗಟ್ಟಿಯಾದೆ ಎಂದುಕೊಂಡಿದ್ದಳು. ಇಂದು ಆ ಗೆರೆಯೇ ಕಾಣುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಕೋಮಲ ಎಂಬ ನರ್ಸು ಕೇಳಿದಳು, "ಏನಾಗೇತ್ರಿ ಅಜ್ಜಿಗೆ?"

"ಮುಳ್ಳ ಚುಚ್ಚೇತ್ರಿ," ಎಂದ ಸೋಮನಿಂಗ. ಆಮೇಲೆ ದಾನೇಶ್ವರಿಯ ಕಿವಿಯಲ್ಲಿ, "ಈಕಿ ಬಾಯಿಬಡಕಿ ಕಾಣ್ತಾಳ, ಅವ್ವನ ಮುಂದ ಒದರಿಬಿಡ್ತಾಳ. ಡಾಕ್ಟರಿಗೆ ನಾನ ಹೇಳ್ತೇನಿ. ನೀ ಬಾಯಿ ಬಿಟ್ಟಿ ಅಂದ್ರ ನೋಡು," ಎಂದ.

ಡಾಕ್ಟರು ಹೆರಿಗೆ ಕೋಣೆಯಲ್ಲಿದ್ದರು. ಸೋಮನಿಂಗ ಆ ಬಾಗಿಲಿಗೆ ಹೋಗಿ ನಿಂತ. ಕೋಮಲ ಗಾಯ ತೊಳೆದು, ಒಂದು ಸೂಜಿ ಚುಚ್ಚಿ, "ಅರ್ಧಾ ತಾಸು ಕುಂತು ಮನಿಗೆ ನಡೀರಿ," ಎಂದಳು.

ತಿಪ್ಪವ್ವನ ಪಾದ ಊದಿ ಕಾಲುಂಗುರ ಮಾಂಸದಲ್ಲಿ ಹೂತುಹೋಗುತ್ತಿತ್ತು. ಅವಳು ಸೊಸೆಯ ಮಣಿಕಟ್ಟು ಹಿಡಿದವಳು ಬಿಡಲೇ ಇಲ್ಲ. ದಾನೇಶ್ವರಿ ಕೋಮಲಳಿಗೆ ಕಣ್ಣಲ್ಲಿ, ಹುಬ್ಬಲ್ಲಿ, ಗದ್ದದಲ್ಲಿ ಸನ್ನೆ ಮಾಡಿದಳು.

"ಸಂಡಾಸ ಆ ಕಡೆ ಐತ್ರಿ, ಬಲಕ್ಕ," ಎಂದು ಕೋಮಲ ತಟ್ಟೆ ಎತ್ತಿಕೊಂಡು ಹೊರಟಳು.

ಹೆರಿಗೆ ಕೋಣೆಯ ಬಾಗಿಲು ತೆರೆಯಲಿಲ್ಲ. ತಿಪ್ಪವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸೆರಗಿಗೆ ರಕ್ತ ಹತ್ತಿತು. ವಸಡಿನಿಂದ ಬಂದ ರಕ್ತ.

ಆಗ ದಾನೇಶ್ವರಿಗೆ ಗೆರೆ ಕಂಡಿತು. ಕಚ್ಚಿದ್ದು ಕೈಮೀರಿದ್ದು. ಏರುತ್ತಿರುವ ವಿಷವೂ ಕೈಮೀರಿದ್ದು. ಇದ್ದದ್ದನ್ನು ಇದ್ದ ಹೆಸರಿನಿಂದ ಕರೆಯುವುದೊಂದೇ ತನ್ನ ಕಡೆಗೆ ಉಳಿದದ್ದು. ಆದರೆ ಆ ಹೆಸರೇ ಅತ್ತೆಯನ್ನು ಕೊಂದರೆ? ತಟ್ಟೆ ಹಿಡಿದು ಮರಳಿ ಬಂದ ಕೋಮಲಳನ್ನು ಅವಳು ಕೂಗಿದಳು.

"ಸಿಸ್ಟರ್, ಮುಳ್ಳಲ್ಲ್ರಿ. ಹಾವು. ಕೊಳಕುಮಂಡಲ. ಏಳು ಗಂಟೆಕ್ಕ ಕಚ್ಚೇತಿ. ನನ್ನ ಕಣ್ಣಾರೆ ನೋಡೇನಿ."

ತಿಪ್ಪವ್ವನ ಹಿಡಿತ ಕಬ್ಬಿಣವಾಯಿತು. ಕಣ್ಣು ಮೇಲಕ್ಕೆ ನೆಟ್ಟವು. ಹಣೆಯ ಮೇಲೆ ಬೆವರು ಒಡೆಯಿತು. ಕೋಮಲ ತಟ್ಟೆಯನ್ನು ಅಲ್ಲೇ ಇಟ್ಟು ಡಾಕ್ಟರನ್ನು ಕೂಗುತ್ತಾ ಓಡಿದಳು.

ಡಾಕ್ಟರು ಬಂದವರೇ ತಿಪ್ಪವ್ವನ ರಕ್ತ ತೆಗೆದು ಗಾಜಿನ ಕೊಳವೆಯೊಂದಕ್ಕೆ ಹಾಕಿ, ಮೇಜಿನ ಮೇಲೆ ನಿಲ್ಲಿಸಿದರು. "ಇಪ್ಪತ್ತು ನಿಮಿಷ ಯಾರೂ ಮುಟ್ಟಬ್ಯಾಡ್ರಿ. ಹೆಪ್ಪುಗಟ್ಟಿದ್ರ ಸದ್ಯ ಚಿಂತಿಲ್ಲ. ಕಟ್ಟಲಿಲ್ಲಂದ್ರ ವಿಷ ಏರೇತಿ ಅಂತ ಅರ್ಥ."

ಸೋಮನಿಂಗ ದಾನೇಶ್ವರಿಯ ಹತ್ತಿರ ಬಂದು ಮೆಲ್ಲಗೆ ಅಂದ, "ನಮ್ಮವ್ವಗ ಏನರ ಆದ್ರ, ಅದು ಕಚ್ಚಿದ ಹುಳದಿಂದ ಅಲ್ಲ. ನಿನ್ನ ಬಾಯಿಂದ."

ಗೋಡೆ ಗಡಿಯಾರದ ಮುಳ್ಳು ನಡೆಯುವುದನ್ನೇ ಮರೆತಂತಿತ್ತು. ತಿಪ್ಪವ್ವ ಗಡಗಡ ನಡುಗುತ್ತಿದ್ದಳು. ಆ ನಡುಕ ವಿಷದ್ದೋ, ತನ್ನ ಮಾತಿನದೋ? ದಾನೇಶ್ವರಿಗೆ ತಿಳಿಯಲಿಲ್ಲ. ಮಾತು ಆಡಿಯಾಗಿತ್ತು, ಇನ್ನು ಅದೂ ಗೆರೆಯ ಆಚೆಗೆ ಹೋಗಿಬಿಟ್ಟಿತ್ತು. ಇಷ್ಟು ತಿಳಿದರೂ ಹೆದರಿಕೆ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಊದಿದ ಕಾಲನ್ನು ಅಲುಗದಂತೆ ಹಿಡಿದುಕೊಳ್ಳುವ ಕೆಲಸ ಮಾತ್ರ ಅವಳಿಗೆ ಉಳಿದಿತ್ತು. ಹಿಡಿದುಕೊಂಡಳು.

ಡಾಕ್ಟರು ಕೊಳವೆಯನ್ನು ಓರೆ ಮಾಡಿದರು. ರಕ್ತ ನೀರಿನ ಹಾಗೆ ಹರಿಯಿತು.

"ಮುಳ್ಳಂತ ಮನಿಗೆ ಕರಕೊಂಡ ಹೋಗಿದ್ರ ಸಂಜಿತನ ಉಳೀತಿದ್ದಿಲ್ಲ," ಎಂದರು ಡಾಕ್ಟರು, ಸೋಮನಿಂಗನ ಮುಖ ನೋಡದೆ. ವಿಷಕ್ಕೆ ಎದುರಾದ ಔಷಧಿಯ ಬಾಟಲಿ ತೂಗುಹಾಕಿದರು. ಆರು ತಾಸಿನ ಮೇಲೆ ಮತ್ತೆ ರಕ್ತ ನೋಡಬೇಕು, ಅಲ್ಲಿಯವರೆಗೆ ಏನೂ ಹೇಳಲಾಗದು ಎಂದರು. ಸೋಮನಿಂಗ ಗೋಡೆಗೆ ಒರಗಿ ಕುಸಿದು ಕುಳಿತ.

ಬಹಳ ಹೊತ್ತಿನ ಮೇಲೆ ತಿಪ್ಪವ್ವ ತುಟಿ ಅಲುಗಿಸಿದಳು. "ಎಷ್ಟುದ್ದ ಇತ್ತ ಅದು?"

"ಒಂದ ಮಾರ ಇದ್ದೀತ್ರಿ ಅತ್ತಿ."

"ಹಂಗಂದ್ರ ಖರೇನ ಅಂಜೂವಂಥಾದ್ದ ಐತಿ." ಅವಳು ಉಸಿರು ಎಳೆದುಕೊಂಡಳು. "ದಾರ್ಯಾಗ ಜೀವ ಹೋದಂಗ ಆಗಾಕತ್ತಿತ್ತು. ಇಷ್ಟ ವಯಸ್ಸಾಗಿ ಒಂದ ಮುಳ್ಳಿಗೆ ಇಷ್ಟ ಅಂಜ್ತೇನಲ್ಲಾ ಅಂತ ನಾಚಿಕಿ ಬಂದು, ಸುಮ್ಮನ ಹಲ್ಲ ಕಚ್ಚಿದ್ದೆ."

"ಈಗ ಅಂಜ್ರಿ ಅತ್ತಿ. ನಾನೂ ಅಂಜೇನಿ."

"ಹೂಂ," ಎಂದು ತಿಪ್ಪವ್ವ ಅವಳ ಕಡೆಗೆ ಮುಖ ಹೊರಳಿಸಿದಳು. "ಹಂಗಾರ ಎದ್ದು ಹೋಗಬ್ಯಾಡ. ಮುಂದ ಏನಾದ್ರೂ, ಆದದ್ದನ್ನ ನನಗ ಹೇಳು."