ಕ್ಯಾಸಿಮಿರ್ ಸರಿಯಾಗಿ ಊಹಿಸಿದ ಶನಿವಾರ

ಜನವರಿ ಬಂತೆಂದರೆ ನನ್ನ ಊಟದ ಮೇಜು ನನ್ನದಲ್ಲ. ಇಪ್ಪತ್ತೆರಡು ವರ್ಷಗಳಿಂದ ಇದೇ ಹಾಡು. ನನ್ನ ಗಂಡ ಕ್ಯಾಸಿಮಿರ್, ನಮ್ಮೆಲ್ಲರ ಬಾಯಲ್ಲಿ ಕ್ಯಾಸ್, ಅದರ ಮೇಲೆ ಚೆಂಡನ್ನು ಕೈಯಲ್ಲಿ ಎಸೆದಾಡುವ ನಮ್ಮ ಅಮೆರಿಕದ ಫುಟ್‌ಬಾಲಿನ ಕಾಲೇಜು ಹುಡುಗರ ಜಾತಕವನ್ನೆಲ್ಲ ಹರಡಿಕೊಂಡು ಕೂತುಬಿಡುತ್ತಾನೆ. ಯಾರ ಎತ್ತರ ಎಷ್ಟು, ಯಾರ ಮೊಣಕಾಲಿಗೆ ಯಾವಾಗ ಪೆಟ್ಟಾಗಿತ್ತು, ಯಾರು ಎಷ್ಟು ಜೋರಾಗಿ ಓಡುತ್ತಾರೆ, ಎಲ್ಲ ಅಲ್ಲಿದೆ. ನಾವಿಬ್ಬರೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಉಣ್ಣುವುದು. ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆಯಬೇಕು, ತಂಡಗಳೆಲ್ಲ ಸರದಿಯಂತೆ ಆ ಹುಡುಗರನ್ನು ಆರಿಸಿಕೊಂಡು ಮುಗಿಸಬೇಕು, ಆಮೇಲೆ ನನಗೆ ಮೇಜು.

ಹೋಗಲಿ, ಒಂದು ಸಲವಾದರೂ ಸರಿಯಾಗಿ ಊಹಿಸಿದ್ದಾನಾ? ಅದೂ ಇಲ್ಲ. ಇವನು ಒಬ್ಬನ ಹೆಸರು ಹೇಳಿದರೆ ನಮ್ಮ ತಂಡ ಇನ್ನೊಬ್ಬನನ್ನು ಎತ್ತಿಕೊಳ್ಳುತ್ತದೆ. ಡಿಸೆಂಬರಿನ ತನಕ "ನಾನು ಬಡ್ಕೊಂಡೆ, ಕೇಳಿದ್ರಾ?" ಅಂತ ಕಂಡವರ ಹತ್ತಿರವೆಲ್ಲ ಕೂಗಾಡುತ್ತಾನೆ. ಎರಡು ವರ್ಷದ ಹಿಂದೆ ನನ್ನ ತಲೆ ಕೆಟ್ಟು ದೊಡ್ಡ ಜಗಳ ತೆಗೆದಿದ್ದೆ. ಆಗ ಅವನು ಸತ್ತ ತಾಯಿಯ ಜಪಮಾಲೆ ಹಿಡಿದು ಆಣೆ ಇಟ್ಟ.

"ಒಂದೇ ಒಂದು ಸಲ ನಾನು ಬರೆದ ಹೆಸರೂ ಅವರು ಕೂಗಿದ ಹೆಸರೂ ಒಂದೇ ಆಗ್ಲಿ ಡೊಲೋರೆಸ್. ಅವತ್ತಿಂದ ಈ ಕಾಗದ ಕೈಲಿ ಮುಟ್ಟಲ್ಲ."

ಈ ವರ್ಷ ನನಗೆ ನಿಜಕ್ಕೂ ಆಸೆ ಹುಟ್ಟಿತ್ತು. ಮೇ ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಮೊಮ್ಮಗಳು ಮೊದಲ ಸಲ ಪರಮಪ್ರಸಾದ ಪಡೆಯುವ ಹಬ್ಬ, ಊಟಕ್ಕೆ ಹದಿನಾಲ್ಕು ಜನ, ಅಷ್ಟರೊಳಗೆ ಮೇಜು ಖಾಲಿಯಾಗಬೇಕು. ಇತ್ತ ನಮ್ಮ ಲೊರೇನ್ ಊರಿಗೆ ಊರೇ ಒಂದೇ ಹೆಸರು ಜಪಿಸುತ್ತಿತ್ತು: ಬೋಮನ್. ಎದುರಾಳಿಗಳು ನುಗ್ಗದಂತೆ ಅಡ್ಡ ನಿಲ್ಲುವ ಆಳು, ನಮ್ಮ ರೆಫ್ರಿಜರೇಟರಿನಷ್ಟು ಅಗಲ. ಚಳಿಗಾಲ ಪೂರ್ತಿ ಕ್ಯಾಸ್ ಬಾಯಲ್ಲೂ ಬೋಮನ್ ಬಿಟ್ಟರೆ ಬೇರೆ ಮಾತಿಲ್ಲ. ಈ ಸಲ ಇವನು ಗೆಲ್ಲುತ್ತಾನೆ, ನನಗೆ ಮುಕ್ತಿ ಸಿಗುತ್ತದೆ ಅಂದುಕೊಂಡೆ.

ಶನಿವಾರ ಮಧ್ಯಾಹ್ನ ಎಂದಿನಂತೆ ಎಲ್ಲರೂ ನಮ್ಮ ಗ್ಯಾರೇಜಿನಲ್ಲಿ ಸೇರಿದರು. ನನ್ನ ತಮ್ಮ ಜೀನ್ ಬಂದ. ಉಕ್ಕಿನ ಕಾರ್ಖಾನೆಯಲ್ಲಿ ಕ್ಯಾಸ್ ಜೊತೆ ಒಂದೇ ಕುಲುಮೆಯ ಮುಂದೆ ಇಪ್ಪತ್ತು ವರ್ಷ ಬೆವರು ಸುರಿಸಿದ ಓಟಿಸ್ ಬಂದ. ನಾನು ಒಂದು ಹಂಡೆ ಸಾಸೇಜು, ಹುಳಿ ಕೋಸು ಬೇಯಿಸಿಟ್ಟಿದ್ದೆ. ನಮ್ಮಲ್ಲಿ ಒಂದು ಪದ್ಧತಿ. ಟೀವಿ ಹಚ್ಚುವ ಮೊದಲು ಗಂಡಸರು ಮೂವರೂ ಒಂದೊಂದು ಚೀಟಿಯಲ್ಲಿ ಹೆಸರು ಬರೆದು ಕಾಫಿ ಡಬ್ಬಿಗೆ ಹಾಕಬೇಕು. ತಂಡ ಹೆಸರು ಕೂಗಿದ ಮೇಲೇ ಡಬ್ಬಿ ತೆರೆಯುವುದು.

ಏಳನೆಯ ಸರದಿ ನಮ್ಮದು. ಬೋಮನ್ ಇನ್ನೂ ಉಳಿದಿದ್ದ. ಟೀವಿಯಲ್ಲಿ ಕೋಟು ತೊಟ್ಟವನೊಬ್ಬ ಮೈಕಿನ ಮುಂದೆ ಬಂದು ಕೂಗಿದ: "ಟ್ರೆವರ್ ಲಿಂಡ್‌ಕ್ವಿಸ್ಟ್, ಕ್ವಾರ್ಟರ್‌ಬ್ಯಾಕ್, ಮೊಂಟಾನಾ."

"ಯಾವನೋ ಇವ್ನು!" ಜೀನ್ ತಟ್ಟೆ ಕುಕ್ಕಿದ. "ಮೊಂಟಾನಾದಲ್ಲಿ ಹಸು ಬಿಟ್ರೆ ಇನ್ನೇನಿದೆ?"

"ಚೆಂಡು ಎಸೆಯೋರು ನಮ್ಹತ್ರ ಆಗ್ಲೇ ಇಬ್ರಿದಾರಲ್ಲಪ್ಪಾ," ಅಂದ ಓಟಿಸ್. "ಒಬ್ಬನಿಗೆ ಎಸೆಯಕ್ಕೆ ಬರಲ್ಲ, ಇನ್ನೊಬ್ಬನಿಗೆ ಬಿದ್ರೆ ಏಳಕ್ಕೆ ಬರಲ್ಲ. ಮೂರನೆಯವನನ್ನ ತಂದು ಉಪ್ಪಿನಕಾಯಿ ಹಾಕ್ತಾರಂತಾ?"

ಟೀವಿಯೊಳಗೂ ಜನ ಛೀ ಥೂ ಅನ್ನುತ್ತಿದ್ದರು. ಆ ಹುಡುಗ ಎದ್ದು ನಿಂತ. ಮುಖದಲ್ಲಿ ಇನ್ನೂ ಮೊಡವೆ. ಅವನಮ್ಮ ಅವನ ತೋಳು ಬಿಡದೆ ಹಿಡಿದುಕೊಂಡು, ಕೂಗುತ್ತಿದ್ದ ಜನರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದಳು.

ಜೀನ್ ಡಬ್ಬಿ ತೆರೆದ. ಬೋಮನ್. ಬೋಮನ್. ಮೂರನೆಯ ಚೀಟಿ ಬಿಚ್ಚಿದವನು ಬಾಯಿ ಬಿಟ್ಟುಕೊಂಡು ನಿಂತ.

"ಭಾವಾ! ಲಿಂಡ್‌ಕ್ವಿಸ್ಟ್ ಅಂತ ಬರ್ದಿದೀಯಲ್ಲೋ! ಹೆಂಗ್ ಗೊತ್ತಾಯ್ತು ನಿಂಗೆ?"

ಓಟಿಸ್ ಎದ್ದು ಕ್ಯಾಸ್‌ನ ಬೆನ್ನಿಗೆ ಗುದ್ದಿದ. "ಕಳ್ಳ! ಚಳಿಗಾಲ ಪೂರ್ತಿ ಬೋಮನ್ ಬೋಮನ್ ಅಂತ ನಮ್ಮ ಕಿವಿ ಮೇಲೆ ಹೂವಿಟ್ಟೆಯಾ?"

ಕ್ಯಾಸ್ ನಗಲಿಲ್ಲ. ಮುಖಕ್ಕೆ ಸುಣ್ಣ ಬಳಿದಂತಾಗಿತ್ತು. ಎದ್ದು ಒಳಗೆ ಹೋದ. ನಾನೂ ಹಿಂದೆಯೇ ಹೋದೆ. ನೋಡಿದರೆ ಊಟದ ಮೇಜಿನ ಮುಂದೆ ನಿಂತು ಕಾಗದಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

"ಇದೇನು ಮಾಡ್ತಿದೀಯ?"

"ಆಣೆ ಆಣೆನೇ. ಅಮ್ಮನ ಮೇಲೆ ಇಟ್ಟಿದ್ದು."

"ಅದಿರ್ಲಿ. ಆ ಹೆಸರು ಯಾಕೆ ಬರೆದೆ?"

ನನ್ನ ಮುಖ ನೋಡದೆ ಹೇಳಿದ.

"ಈ ಸಲ ಬೋಮನ್ ಗ್ಯಾರಂಟಿ ಅಂತ ಎಲ್ರೂ ಅಂತಿದ್ರು. ಅವನ ಹೆಸರೇ ಬರೆದು ತಾಳೆ ಆಗ್ಬಿಟ್ರೆ? ಮುಂದಿನ ಜನವರೀಲಿ ನಾನೇನು ಮಾಡ್ಲಿ ಡೊಲೋರೆಸ್? ಅದಕ್ಕೆ ಯಾವ ಹುಚ್ಚನೂ ಆರಿಸದೇ ಇರೋ ಒಂದು ಹೆಸರು ಹುಡುಕಿದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರ್ಖಾನೆ ಮುಚ್ಚಿ ಆರು ವರ್ಷವಾಗಿತ್ತು. ಆ ಮೊದಲ ವರ್ಷ ಇವನು ಬೆಳಗ್ಗೆ ಐದಕ್ಕೆ ಎದ್ದು, ಬೂಟು ಹಾಕಿಕೊಂಡು, ಹೋಗಲು ಜಾಗವಿಲ್ಲದೆ ಕಿಟಕಿಯ ಹತ್ತಿರ ಕೂರುತ್ತಿದ್ದ. ಜನವರಿಯಲ್ಲಿ ಈ ಹಾಳು ಕಾಗದ ಹರಡಿಕೊಂಡ ಮೇಲೇ ಅವನ ಮುಖಕ್ಕೆ ಕಳೆ ಬಂದಿತ್ತು. ಅದನ್ನು ಕಣ್ಣಾರೆ ಕಂಡವಳು ನಾನು. ಕಂಡೂ ಮೇಜು ಮೇಜು ಅಂತ ಪ್ರಾಣ ತಿಂದೆನಲ್ಲ, ಎಂಥ ಮೊಂಡಿ ನಾನು!

"ಬಿಡು, ಆ ಆಣೆ ಮುರಿದ್ರೂ ನಾನು ಕ್ಷಮಿಸ್ತೀನಿ," ಅಂದೆ.

"ನೀನು ಕ್ಷಮಿಸಿದ್ರೆ ಆಯ್ತಾ? ಅಮ್ಮ?" ಅಂದು ಪೆಟ್ಟಿಗೆ ಮುಚ್ಚಿದ.

ಈ ಮನುಷ್ಯನ ಹಟ ನನಗೆ ಗೊತ್ತಿಲ್ಲವೇ. ಪೆಟ್ಟಿಗೆಯನ್ನು ಕಿತ್ತುಕೊಂಡು ಮೇಜಿನ ಮೇಲೆ ಬೋರಲು ಹಾಕಿದೆ.

"ಮುಟ್ಟಲ್ಲ ಅಂತ ಆಣೆ ಇಟ್ಟೋನು ನೀನು. ನಾನು ಇಟ್ಟಿಲ್ಲ. ಕೂತ್ಕೋ. ಕೈ ಕಟ್ಕೊಂಡು ಕೂತ್ಕೋ. ಆ ಮೊಂಟಾನಾ ಮಗು ಬಲಗೈಯಲ್ಲಿ ತಾನೇ ಎಸೆಯೋದು? ಎಸೆಯುವಾಗ ಅವನ ಕಣ್ಣಿಗೆ ಬೀಳದ ಎಡಗಡೆ ಕಾಯೋಕೆ ನಮ್ಮಲ್ಲಿ ಯಾರಿದಾರೆ? ಆ ಮುದುಕ ಕಾರ್ವರ್ರಾ? ಅವನ ಕಾಲು ಎತ್ತಕ್ಕೆ ಕ್ರೇನು ಬೇಕು. ಮೊದಲನೇ ವಾರವೇ ಹುಡುಗನ ಮೂಳೆ ಪುಡಿ ಆಗುತ್ತೆ. ಅವರಮ್ಮನಿಗೆ ಯಾರು ಉತ್ತರ ಹೇಳ್ತಾರೆ? ಎರಡನೇ ಸುತ್ತಿಗೆ ಯಾರು ಉಳಿದಿದಾರೆ, ಹೇಳು."

ಕ್ಯಾಸ್ ನನ್ನನ್ನೇ ಪಿಳಿಪಿಳಿ ನೋಡಿದ. "ಇದೆಲ್ಲ ನಿಂಗೆ ಯಾವಾಗ ಗೊತ್ತಾಯ್ತು?"

"ಇಪ್ಪತ್ತೆರಡು ವರ್ಷ ನೀನು ಗೋಡೆ ಹತ್ರ ಮಾತಾಡ್ತಿದ್ದೆ ಅಂದ್ಕೊಂಡಿದ್ಯಾ?"

ನಾನು ಒಂದೊಂದೇ ಹಾಳೆ ಎತ್ತಿ ಹಿಡಿದೆ. ಅವನು ಕೈ ಕಟ್ಟಿಕೊಂಡು ಓದಿದ. "ಅವನು ಬೇಡ, ಸೋಮಾರಿ." "ಇವನು ಪರವಾಗಿಲ್ಲ, ಆದ್ರೆ ಭುಜ ಸರಿಯಿಲ್ಲ." ಐದು ಗಂಟೆಯ ಹೊತ್ತಿಗೆ ಒಂದು ಹೆಸರು ಉಳಿಯಿತು: ಪುಲಾಸ್ಕಿ, ಅಯೋವಾದ ಹುಡುಗ. ನಾನೇ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದೆ. ಜೀನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಂಗೂ ಅಂಟಿತು ಕಣ್ರೋ ಕಾಯಿಲೆ!"

ಸಂಜೆ ನಮ್ಮ ಸರದಿ ಮತ್ತೆ ಬಂತು. ಪುಲಾಸ್ಕಿ ಇನ್ನೂ ಉಳಿದಿದ್ದ. ಕೋಟಿನವನು ಬಂದು ಕೂಗಿದ. ನಮ್ಮ ತಂಡ ಆರಿಸಿದ್ದು ಬರೀ ಚೆಂಡು ಒದೆಯುವ ಒಬ್ಬ ಕಡ್ಡಿಪೈಲ್ವಾನನನ್ನು. ಎರಡನೇ ಸುತ್ತಿನಲ್ಲಿ! ಕೊನೆಯ ಸುತ್ತಿನಲ್ಲೂ ಸಿಗುವ ಒದೆಯುವವನನ್ನು!

"ಅಯ್ಯೋ ಮುಟ್ಠಾಳರಾ!" ಕೂತ ಕುರ್ಚಿ ಉರುಳುವಂತೆ ಎದ್ದೆ. "ತಲೇಲಿ ಏನ್ ತುಂಬ್ಕೊಂಡಿದೀರೋ? ಕಣ್ಣು ಕುರುಡಾ? ಆ ಮಗೂನ ಕೊಲ್ಲಕ್ಕೇ ಕರ್ಸಿದೀರಾ? ನಿಮ್ಮ ಮನೆ ಹಾಳಾಗ!" ವಾರವಾರ ಚರ್ಚಿನಲ್ಲಿ ಹಾಡುವವಳು ನಾನು. ಬಾಯಿಗೆ ಬಂದದ್ದೆಲ್ಲ ಬೈದೆ.

ಜೀನ್ ಮತ್ತು ಓಟಿಸ್ ನನ್ನನ್ನು ದೆವ್ವ ಕಂಡಂತೆ ನೋಡುತ್ತಿದ್ದರು. ಕ್ಯಾಸ್ ಮಾತ್ರ ನಗುತ್ತಿದ್ದ, ಕಣ್ಣಲ್ಲಿ ನೀರು ಬರುವಷ್ಟು. ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ತನ್ನದನ್ನು ಅದರ ಪಕ್ಕಕ್ಕೆ ಎಳೆದುಕೊಂಡ.

"ಹೋಗ್ಲಿ ಬಿಡು, ಮುಂದಿನ ವರ್ಷ ನೋಡೋಣ," ಅಂದ.

"ಮುಂದಿನ ವರ್ಷ ಯಾಕೆ?" ಅಂದೆ ನಾನು. "ಮೂರನೇ ಸುತ್ತು ಇನ್ನೂ ಬಾಕಿ ಇದೆ."