ಗಂಗಕ್ಕ ಅಲುಗಿಸಿದ ಕೂಲರ್

ಬೋರನಕಣಿವೆ ಜಲಾಶಯದ ಏರಿಯಿಂದ ತೆಗೆದ ಆಂಡ್ರೊಮಿಡಾ ಗೆಲಾಕ್ಸಿಯ ನೂರಾರು ಚಿತ್ರಗಳನ್ನು ಒಂದಾಗಿಸಲು ಗಂಗಲಕ್ಷ್ಮಿ ಕುಳಿತಾಗಲೆಲ್ಲ ಕಂಪ್ಯೂಟರಿನ ಪ್ರೊಸೆಸರ್ ಕಾದು, ಕೆಲಸ ಅರ್ಧಕ್ಕೇ ನಿಂತುಹೋಗುತ್ತಿತ್ತು. ಅದನ್ನು ತಂಪಾಗಿಡುವ ಲಿಕ್ವಿಡ್ ಕೂಲರ್ ಕೊಳ್ಳಲು ಅವಳು ತಾಯಿ ಗಂಗಕ್ಕನೊಂದಿಗೆ ತಿಪಟೂರಿನ ಯಾಸೀನನ ಅಂಗಡಿಗೆ ಬಂದಳು.

ಎರಡು ಫ್ಯಾನಿನ ಕೂಲರ್ ಅವಳ ಕಂಪ್ಯೂಟರಿನ ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ಕೂರುತ್ತಿತ್ತು. ಮೂರು ಫ್ಯಾನಿನದು ತಳದಲ್ಲಿ ಮಾತ್ರ. ದೊಡ್ಡದೇ ಹೆಚ್ಚು ತಂಪು ಎಂದು ಗಂಗಲಕ್ಷ್ಮಿ ಅದನ್ನೇ ಕೊಳ್ಳಲು ನಿರ್ಧರಿಸಿದ್ದಳು.

ಅಷ್ಟರಲ್ಲಿ ಗಂಗಕ್ಕ, ಅಟ್ಟದ ಕಾಯಿ ಕೊಬ್ಬರಿಯಾಗಿದೆಯೇ ಎಂದು ಪರೀಕ್ಷಿಸುವಂತೆ, ಆ ದೊಡ್ಡ ಕೂಲರನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಳು. "ಇನ್ನೂ ನೀರಾಡ್ತೈತೆ ಕಣೇ. ಒಣಗಿಲ್ಲ, ಬುಡು ಇದ್ನ."

ಯಾಸೀನ್ ನಕ್ಕ. "ಒಣಗಿದ್ರೆ ನನ್ನಂಗಡಿಗೇ ಬೀಗ ಕಣಕ್ಕಾ! ಇದ್ರೊಳಗೆ ನೀರೇ ಇರ್ಬೇಕು."

ಗಂಗಲಕ್ಷ್ಮಿ ನಗಲಿಲ್ಲ. ತುಂಬಿದ ಎಳನೀರು ಅಲುಗಿಸಿದರೂ ಸದ್ದು ಮಾಡದು. ಸದ್ದಾಗಬೇಕಾದರೆ ಒಳಗೆ ಸ್ವಲ್ಪ ಗಾಳಿ ಇರಲೇಬೇಕು. ಗಾಳಿ ಮೇಲೇರುತ್ತದೆ. ಫ್ಯಾನುಗಳಿರುವ ರೇಡಿಯೇಟರ್ ತಳದಲ್ಲಿದ್ದರೆ, ಅದಕ್ಕಿಂತ ಮೇಲೆ ಪ್ರೊಸೆಸರಿಗೆ ಅಂಟಿ ಕೂರುವ, ನೀರು ಓಡಿಸುವ ಪಂಪಿಗೇ ಗಾಳಿ ಸೇರಿ ನೀರಿನ ಓಟ ಕೆಡುತ್ತದೆ; ರೇಡಿಯೇಟರ್ ಮೇಲಿದ್ದರೆ ಗಾಳಿ ಅಲ್ಲೇ ಉಳಿಯುತ್ತದೆ.

"ನೀನು ಅಲುಗಿಸಿದ್ದೇ ಒಳ್ಳೇದಾಯ್ತಮ್ಮ. ಯಾಸೀನಣ್ಣ, ಮೇಲೆ ಕೂರೋ ಚಿಕ್ಕದೇ ಕೊಡಿ."

"ಅದೂ ಒಣಗಿಲ್ಲ ಕಣೇ," ಎಂದು ಗಂಗಕ್ಕ ಗೊಣಗಿದಳು.

ಮರುದಿನ ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಪ್ಪು ಪರದೆಯ ನಡುವೆ ಬೆಳಕಿನ ಸುರುಳಿಯೊಂದು ಮೂಡಿತು. ಗಂಗಕ್ಕ ಕೈಯಲ್ಲಿದ್ದ ಮೊರವನ್ನು ಕೆಳಗಿಡುವುದನ್ನೂ ಮರೆತು ನಿಂತಳು.

"ನಮ್ ಏರಿ ಮ್ಯಾಲಿಂದ ಇದು ಕಾಣ್ತದೇನೇ?"

"ಹೂಂ ಕಣಮ್ಮ. ಈ ಬೆಳಕು ಅಲ್ಲಿಂದ ಹೊರಟಾಗ ನಮ್ಮಂಥ ಮನುಷ್ಯರೇ ಹುಟ್ಟಿರ್ಲಿಲ್ಲ."

ಗಂಗಕ್ಕ ಮೊರವನ್ನು ಕೆಳಗಿಟ್ಟಳು. ಮಗಳ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಕಣ್ಣು ಮಿಟುಕಿಸದೆ ನೋಡುತ್ತ ಕುಳಿತಳು.