ಮುಚ್ಚುವುದಕ್ಕೆ ಐದು ಜನ

ಬಳಗವನ್ನು ಮುಚ್ಚಿಬಿಡೋಣ ಎಂದು ನಾನು ಹೇಳಿದ್ದು ಮುಚ್ಚುವುದಕ್ಕಲ್ಲ. "ಅಯ್ಯೋ, ಬೇಡಿ ಅಧ್ಯಕ್ಷರೇ, ನೀವಿಲ್ಲದಿದ್ದರೆ ನಮ್ಮ ಗತಿಯೇನು?" ಎಂದು ಯಾರಾದರೂ ಅನ್ನಲಿ ಎಂದು. ಮನುಷ್ಯನಿಗೆ ಅಷ್ಟೂ ಆಸೆ ಇರಬಾರದೇ?

ಅಂದು ಶನಿವಾರ ಮಧ್ಯಾಹ್ನ. ಗ್ರಂಥಾಲಯದ ಮಹಡಿ ಕೋಣೆಯಲ್ಲಿ, ಒಂದು ಕಾಲಿಗೆ ರಟ್ಟು ಮಡಚಿ ಕೊಟ್ಟ ಮೇಜಿನ ಸುತ್ತ ನಾವು ಮೂವರು ಕೂತಿದ್ದೆವು. ನಾನು, ಅಂದರೆ ಈ ಊರಿನ ಮುಕ್ತ ತಂತ್ರಾಂಶ ಬಳಗದ ಸ್ಥಾಪಕ, ಅಧ್ಯಕ್ಷ ಮತ್ತು ಕೋಣೆಯ ಬೀಗದ ಕೈ ಇಟ್ಟುಕೊಂಡವನು. ನಿವೃತ್ತ ಗಣಿತದ ಮೇಷ್ಟ್ರು. ಮತ್ತೊಬ್ಬ ಬ್ಯಾಂಕಿನ ಗುಮಾಸ್ತ. ಅವನನ್ನು ನಾವು ಕರಿಪರದೆ ಎಂದೇ ಕರೆಯುವುದು. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಕುಟ್ಟಿ ಕಂಪ್ಯೂಟರ್ ನಡೆಸುವುದೇ ವಿದ್ಯೆ, ಮೌಸ್ ಮುಟ್ಟುವವರೆಲ್ಲ ಅಕ್ಷರ ಬಾರದವರು ಎಂಬುದು ಅವನ ಮತ.

ಯಾರ ಅಪ್ಪಣೆಯೂ ಇಲ್ಲದೆ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಿ ಇನ್ನೊಬ್ಬರಿಗೆ ಹಂಚಬಹುದಾದ ತಂತ್ರಾಂಶವನ್ನು ಜನರಿಗೆ ಮುಟ್ಟಿಸುವುದು ನಮ್ಮ ಗುರಿ. ಒಂದು ಕಾಲದಲ್ಲಿ ಕುರ್ಚಿ ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಆಮೇಲೆ ಪ್ರೋಗ್ರಾಂ ಬರೆಯಲು ಯಾವ ಎಡಿಟರ್ ಒಳ್ಳೆಯದು ಎಂಬ ಜಗಳದಲ್ಲಿ ಅರ್ಧ ಜನ ಹೋದರು. ಬಳಗದ ಹೆಸರು ಹೇಗಿರಬೇಕು ಎಂಬ ಜಗಳದಲ್ಲಿ ಉಳಿದವರೂ ಹೋದರು. ಎತ್ತು ಏರಿಗೆ, ಕೋಣ ನೀರಿಗೆ. ಹೊಸಬರು ಬರಲಿಲ್ಲವೇ? ಬಂದರು. ಬಂದು ಏನಾದರೊಂದು ಕೇಳಿದರು. "ಮೊದಲು ಕೈಪಿಡಿ ಓದಿಕೊಂಡು ಬನ್ನಿ" ಎಂದು ಕಳಿಸಿದೆವು. ಓದಿದವರೂ ವಾಪಸು ಬರಲಿಲ್ಲ, ಓದದವರೂ ಬರಲಿಲ್ಲ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಉತ್ತರ ನಮಗೂ ತಿಳಿದಿರುತ್ತಿರಲಿಲ್ಲ. ಆದರೆ "ಗೊತ್ತಿಲ್ಲ" ಎಂಬ ಮಾತು ಆ ಕೋಣೆಯಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ, ಅದರಲ್ಲೂ ಅಧ್ಯಕ್ಷನ ಬಾಯಿಂದ.

"ಹೀಗೇ ಆದ್ರೆ ಮುಚ್ಚಿಬಿಡೋಣ," ಎಂದೆ, ಬೇಕಾದಷ್ಟು ನಿಟ್ಟುಸಿರು ಬೆರೆಸಿ.

"ಸರಿ," ಎಂದರು ಮೇಷ್ಟ್ರು. "ನನಗೂ ಮಂಡಿ ನೋವು. ಈ ಮೆಟ್ಟಿಲು ಹತ್ತೋದು ಯಾರಿಗೆ ಬೇಕಯ್ಯಾ?"

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದ ಕರಿಪರದೆ, ಪರದೆಯಿಂದ ಕಣ್ಣೂ ಕೀಳದೆ.

ನಾನು ಇಂಗು ತಿಂದ ಮಂಗನಂತೆ ಕೂತೆ. ಈ ಕೋಣೆ ಹೋದರೆ ನನಗೇನು ಉಳಿಯಿತು? ಆಫೀಸಿನಲ್ಲಿ ನಾನು "ಆ ಕೆಟ್ಟ ಪ್ರಿಂಟರ್ ಪಕ್ಕ ಕೂರ್ತಾರಲ್ಲ, ಅವರು". ಮನೆಯಲ್ಲಿ ಹೆಂಡತಿಗೆ ಶನಿವಾರವೆಂದರೆ ನನ್ನ ಕಾಟ ತಪ್ಪುವ ದಿನ. ನನ್ನನ್ನು ಅಧ್ಯಕ್ಷರೇ ಎನ್ನುವ ಜಾಗ ಈ ಭೂಮಿಯ ಮೇಲೆ ಇದೊಂದೇ. ಹಾಗಂತ ಆಡಿದ ಮಾತನ್ನು ನುಂಗುವುದು ಹೇಗೆ? ಮರ್ಯಾದೆ ಅಂತ ಒಂದಿದೆಯಲ್ಲ, ಹಾಳಾದ್ದು!

ಆಗ ನನ್ನ ಕೈಹಿಡಿದದ್ದು ನಾನೇ ಬರೆದ ನಿಯಮಾವಳಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ ಬಳಗಕ್ಕೆ ಒಂದು ಕುರ್ಚಿಯೂ ಇಲ್ಲದ ಕಾಲದಲ್ಲೇ ಅದನ್ನು ಬರೆದು ಮುಗಿಸಿದ್ದೆ. ಐವರು ಸದಸ್ಯರು ಹಾಜರಿಲ್ಲದೆ ಯಾವ ನಿರ್ಣಯವೂ ಸಲ್ಲದು ಎಂದು ಅದರಲ್ಲಿತ್ತು.

"ಮುಚ್ಚೋದೂ ಒಂದು ನಿರ್ಣಯಾನೇ," ಎಂದೆ, ಜೀವ ಬಂದವನಂತೆ. "ಮೂರು ಜನ ಸೇರ್ಕೊಂಡು ಮುಚ್ಚೋ ಹಾಗಿಲ್ಲ."

"ಹಾಗಾದ್ರೆ ಆ ನಿಯಮಾನೇ ತೆಗೆದುಹಾಕಿ," ಎಂದ ಕರಿಪರದೆ.

"ತೆಗೆಯೋದಕ್ಕೂ ಐದು ಜನ ಬೇಕು."

ಬೇರೆ ಯಾವ ಸಂಘದವರಾದರೂ ನಕ್ಕು, ಬಾಗಿಲೆಳೆದುಕೊಂಡು ಮನೆಗೆ ಹೋಗುತ್ತಿದ್ದರು. ನಾವು ಆ ಜಾತಿಯವರಲ್ಲ. ನಡೆಯುತ್ತಿರುವ ಕಂಪ್ಯೂಟರನ್ನು ಸರಿಯಾಗಿ ನಿಲ್ಲಿಸದೆ ವೈರು ಕಿತ್ತರೆ ನಮಗೆ ಅವತ್ತು ಊಟ ಸೇರುವುದಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಕ್ರಮ ಅಂದ್ರೆ ಕ್ರಮ. ಇನ್ನಿಬ್ಬರು ಸದಸ್ಯರನ್ನ ಸೇರಿಸು. ಮುಂದಿನ ಶನಿವಾರ ಕ್ರಮವಾಗಿ ಮುಚ್ಚೋಣ," ಎಂದರು.

ಹೀಗೆ, ಮುಚ್ಚುವ ಸಲುವಾಗಿ ಬಳಗವನ್ನು ಬೆಳೆಸುವ ಕೆಲಸ ನನ್ನ ತಲೆಗೆ ಬಂತು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವವರು ಊರ ತುಂಬ ಇದ್ದಾರೆ. ತನ್ನನ್ನು ತಳ್ಳುವುದಕ್ಕೆ ಜನ ಹುಡುಕಿಕೊಂಡು ಹೊರಟವನು ನಾನೊಬ್ಬನೇ ಇರಬೇಕು.

ಮೊದಲು ಹೋದದ್ದು ಅತ್ತಿಗೆಯ ಟೈಲರ್ ಅಂಗಡಿಗೆ. ಕುತ್ತಿಗೆಗೆ ಟೇಪು ಹಾಕಿಕೊಂಡು ಅವರು ಯಾರದೋ ತೋಳಿನ ಹೊಲಿಗೆ ಬಿಚ್ಚುತ್ತಿದ್ದರು. ಮೂಲೆಯಲ್ಲಿ ಅವರ ಹಳೆಯ ಕಂಪ್ಯೂಟರ್, ಅದರ ಮೇಲೆ ಬಟ್ಟೆಯ ಗಂಟು. ನಾನು ಬಂದ ವಿಷಯ ಹೇಳಿದ್ದೇ ತಡ, ಅವರು ಅದರ ಕಡೆ ಕತ್ತರಿ ತೋರಿಸಿದರು.

"ಇದನ್ನ ಸರಿಮಾಡಿಕೊಡೋ ಅಂತ ನಿನ್ನ ಹತ್ರ ಬಂದಾಗ ಏನಂದೆ? ಪುಸ್ತಕ ಓದ್ಕೊಂಡು ಬನ್ನಿ ಅಂದೆ. ಈಗ ನಿನ್ನ ಅಂಗಡಿ ಮುಚ್ಚೋಕೆ ಅತ್ತಿಗೆ ಬೇಕಾದ್ಲಾ?"

"ಹೂಂ ಅತ್ತಿಗೆ."

"ಬರ್ತೀನಿ. ಆ ಚಂದ ನೋಡೋಕಾದ್ರೂ ಬರ್ತೀನಿ."

ಎರಡನೆಯವರು ಗ್ರಂಥಾಲಯದ ಮೇಡಂ. ಅವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಹರಿದ ಪುಸ್ತಕಗಳನ್ನು ಬೈಂಡಿಂಗಿಗೆ ಕಳಿಸುವವರೆಗೆ ಇಟ್ಟುಕೊಳ್ಳಲು ಅವರಿಗೆ ಜಾಗವಿರಲಿಲ್ಲ, ಎಲ್ಲ ಮೆಟ್ಟಿಲ ಕೆಳಗೇ ಪೇರಿಸಿದ್ದರು. "ರೂಮು ಖಾಲಿಯಾಗುತ್ತೆ ಅಂದ್ರೆ ಈಗಲೇ ಬರ್ತೀನಿ ಸಾರ್," ಎಂದರು.

ನಮ್ಮಲ್ಲಿ ಸದಸ್ಯರಾಗಲು ಶುಲ್ಕವಿಲ್ಲ. ಆದರೆ ತಮ್ಮ ಸ್ವಂತ ಕಂಪ್ಯೂಟರಿನಲ್ಲಿ, ತಮ್ಮ ಕೈಯಾರೆ, ನಮ್ಮೆದುರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿ ತೋರಿಸಬೇಕು. ಹಳಬರು ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು, ಕೀಲಿಮಣೆ ಮುಟ್ಟುವಂತಿಲ್ಲ. ಅದೂ ನನ್ನದೇ ನಿಯಮ.

ಶನಿವಾರ ಮೇಡಂ ತಮ್ಮ ಹಳೆಯ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದರು. ಅತ್ತಿಗೆ ಆಟೋದಲ್ಲಿ ಕಂಪ್ಯೂಟರ್ ಅಷ್ಟೇ ಅಲ್ಲ, ಪ್ರಿಂಟರನ್ನೂ ಹೇರಿಕೊಂಡು ಬಂದರು. ಶುರುವಾಗುತ್ತಲೇ ಅತ್ತಿಗೆ ಕೇಳಿದರು, "ಇಲ್ಲೇನೋ ಕೇಳ್ತಿದೆಯಲ್ಲಪ್ಪಾ, ಏನು ಒತ್ತಲಿ?"

"ಕೈಪಿಡಿಯಲ್ಲಿ..." ಎಂದು ಕರಿಪರದೆ ಬಾಯಿ ತೆರೆದ.

"ಕೈಪಿಡಿ ನನ್ನ ದಿಂಬಿನ ಹತ್ರಾನೇ ಇದೆ ತಮ್ಮಾ. ನಾಲ್ಕು ಸಾಲು ಓದಿದ್ರೆ ಸಾಕು, ಗಾಢ ನಿದ್ದೆ. ನೀನು ಬಾಯಲ್ಲಿ ಹೇಳು."

ಬೇರೆ ದಾರಿಯಿರಲಿಲ್ಲ. ಇವರು ಸದಸ್ಯರಾಗದೆ ಮುಚ್ಚುವಂತಿರಲಿಲ್ಲ, ನಾವು ಕೈ ಹಾಕುವಂತೆಯೂ ಇರಲಿಲ್ಲ. ಆದ್ದರಿಂದ ಬಳಗದ ಚರಿತ್ರೆಯಲ್ಲೇ ಮೊದಲ ಸಲ ನಾವು ಒಂದೊಂದನ್ನೂ ಬಿಡಿಸಿ ಹೇಳಿದೆವು. ಕರಿಪರದೆಯ ಬಾಯಿಂದಲೇ "ಈಗ ಮೌಸನ್ನ ಇಲ್ಲಿಗೆ ತನ್ನಿ" ಎಂಬ ಮಾತು ಬಂತು, ಪಾಪ! ಮೇಷ್ಟ್ರು ಮಂಡಿ ನೋವು ಮರೆತು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಓಡಾಡಿದರು. ಕೊನೆಗೆ ಮೇಡಂ ಲ್ಯಾಪ್‌ಟಾಪಿನ ಪರದೆ ಬೆಳಗಿದಾಗ ಅವರು ಗ್ರಂಥಾಲಯದಲ್ಲಿದ್ದೇವೆ ಎಂಬುದನ್ನೂ ಮರೆತು ಕಿರುಚಿದರು.

"ಅಯ್ಯಯ್ಯೋ, ಬದುಕಿಬಿಡ್ತು! ಗುಜರಿಗೆ ಹಾಕ್ಬೇಕು ಅಂತಿದ್ದೆ ಸಾರ್ ಇದನ್ನ!"

ಅತ್ತಿಗೆಯ ಕಂಪ್ಯೂಟರೂ ಹಿಂದೆಯೇ ಎದ್ದಿತು. ಈಗ ನಾವು ಐವರು. ತಪ್ಪಿಸಿಕೊಳ್ಳುವ ದಾರಿ ಮುಗಿಯಿತು. ನಾನು ಎದ್ದು ನಿಂತು, "ಬಳಗವನ್ನು ಮುಚ್ಚಬೇಕು ಅನ್ನೋರು ಕೈ ಎತ್ತಿ," ಎಂದೆ. ಮೇಷ್ಟ್ರು ಎತ್ತಿದರು, ಆದರೆ ನಿಧಾನವಾಗಿ. ಕರಿಪರದೆ ಅವರನ್ನು ನೋಡಿ ಎತ್ತಿದ.

"ಬೇಡ ಅನ್ನೋರು?"

ಅತ್ತಿಗೆಯ ಕೈ ಮೇಲೆ ಹೋಯಿತು. ಅವರ ಪಕ್ಕದಲ್ಲೇ ಮೇಡಂ ಕೈ.

"ಮೇಡಂ, ನಿಮಗೆ ಈ ರೂಮು ಬೇಕಿತ್ತಲ್ಲ?"

"ಬೇಕಿತ್ತು. ಈಗ ಇದು ಕೆಟ್ರೆ ನಾನು ಯಾರ ಹತ್ರ ಹೋಗ್ಲಿ? ಪುಸ್ತಕ ಮೆಟ್ಟಿಲ ಕೆಳಗೇ ಇರ್ಲಿ ಬಿಡಿ."

ಆ ಕಡೆ ಇಬ್ಬರು, ಈ ಕಡೆ ಇಬ್ಬರು, ನಡುವೆ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾಗಿ ನಾನು.

"ನಿನ್ನ ಕೈ ಎಲ್ಲೋ?" ಎಂದರು ಅತ್ತಿಗೆ.

"ಪ್ರಸ್ತಾಪ ನನ್ನದೇ ಅಲ್ವಾ ಅತ್ತಿಗೆ..."

"ಪ್ರಸ್ತಾಪದ ಮನೆ ಹಾಳಾಗ್ಲಿ. ನಿನಗೇನು ಬೇಕು, ಅದನ್ನ ಹೇಳು."

"ಮುಚ್ಚಬೇಡಿ ಅಂತ ನೀವೆಲ್ಲ ಹೇಳ್ಲಿ ಅಂತ ಹಾಗಂದೆ," ಎಂದೆ. "ನನಗೆ ಮುಚ್ಚೋಕೆ ಇಷ್ಟ ಇಲ್ಲ. ಇದು ಬಿಟ್ರೆ ನನಗೆ ಹೋಗೋಕೆ ಬೇರೆ ಜಾಗ ಇಲ್ಲ."

ಮೇಷ್ಟ್ರು ಕೈ ಇಳಿಸಿದರು. "ಅದನ್ನ ಅವತ್ತೇ ಒದರಬಾರದಿತ್ತೇನಯ್ಯಾ? ನೀನೇ ಬೇಡ ಅಂದ್ಮೇಲೆ ನಾನ್ಯಾಕೆ ಬೇಕು ಅನ್ಲಿ ಅಂತ ಸುಮ್ಮನಾದೆ. ನನಗೆ ಮಾತ್ರ ಬೇರೆ ಜಾಗ ಎಲ್ಲಿದೆ?"

ಬಳಗ ಉಳಿಯಿತು. ನಾನು ಕಣ್ಣೊರೆಸಿಕೊಂಡು ಅಧ್ಯಕ್ಷನ ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ಮೇಡಂ ಕೇಳಿದರು, "ಸಾರ್, ಹೇಗೂ ಐದು ಜನ ಇದ್ದೀವಿ. ಇನ್ನೊಂದು ನಿರ್ಣಯ ಮಾಡಬಹುದಲ್ಲ? ಈ ಟೈಲರ್ ಅಕ್ಕನೇ ಅಧ್ಯಕ್ಷರಾಗ್ಲಿ."

ಮೇಷ್ಟ್ರು ಕೈ ಎತ್ತಿದರು. ಕರಿಪರದೆ ಎರಡೂ ಕೈ ಎತ್ತಿದ, ಕೃತಘ್ನ! ನಾನು ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟೆ. ಅತ್ತಿಗೆ ಅದನ್ನು ಟೇಪಿನ ತುದಿಗೆ ಗಂಟು ಹಾಕಿಕೊಂಡು, ತಮ್ಮ ಪ್ರಿಂಟರಿನ ಕಡೆ ತಿರುಗಿದರು.

"ಎಲ್ಲಾ ಸರಿಯಾಯ್ತು, ಇದ್ಯಾಕೋ ಉಸಿರೇ ಎತ್ತುತ್ತಿಲ್ಲ?"

ಎಲ್ಲರೂ ನನ್ನನ್ನೇ ನೋಡಿದರು. ಕೈಪಿಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ.

"ಗೊತ್ತಿಲ್ಲ ಅತ್ತಿಗೆ," ಎಂದೆ.

ಕರಿಪರದೆ ನನ್ನನ್ನು ಮೊದಲ ಸಲ ನೋಡುವವನಂತೆ ನೋಡಿದ. ಅತ್ತಿಗೆ ಪಕ್ಕದ ಕುರ್ಚಿ ಎಳೆದು, ಅದರ ಮೇಲಿನ ಧೂಳನ್ನು ಸೆರಗಿನಿಂದ ಹೊಡೆದರು.

"ಅದಕ್ಕೇನಂತೆ? ಬಾ, ಕೂತ್ಕೋ. ಇಬ್ಬರೂ ಸೇರಿ ನೋಡೋಣ."